ಹಸಿ ಮೊಟ್ಟೆ

ಆಟವೇನೋ ಏಳು ಸೆಕೆಂಡಿನದು.
ಯಾರದೋ ಜೇಬಿನ ಇಪ್ಪತ್ತು ತೆತ್ರಿ ನಾಣ್ಯ
ಅವರದೇ ಮುಷ್ಟಿಯೊಳಗೆ ಇಲ್ಲವಾಗಬೇಕು, ಅಷ್ಟೆ.
ಎಲಿಜ್ಬಾರ್ ಅದಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ.

ತ್ಬಿಲಿಸಿಯ ಸೊಲೊಲಾಕಿಯಲ್ಲಿ ಹನ್ನೊಂದು ಮೆಟ್ಟಿಲಿಳಿದರೆ
ಒಂದು ಕಾಲಕ್ಕೆ ದ್ರಾಕ್ಷಾರಸ ಹುಳಿಯುತ್ತಿದ್ದ ನೆಲಮಾಳಿಗೆ.
ಮೂವತ್ತೆರಡು ಕುರ್ಚಿ, ಒಂದರಂತೆ ಒಂದಿಲ್ಲ.
ಅಗುಳಿ ಹಾಕುವವಳು ನಾನು.
ಮೆಲ್ಲಗೆ, ಅವನು ಕಲಿಸಿದ ಹಾಗೆ:
ಕಬ್ಬಿಣ ಕಬ್ಬಿಣವನ್ನು ಮುಟ್ಟಿದ್ದು ಕೇಳಬೇಕು,
ಕೆಮ್ಮುವವರು ಅಷ್ಟರೊಳಗೆ ಕೆಮ್ಮಿ ಮುಗಿಸಬೇಕು.

ನಿಲುವಂಗಿಯಿಲ್ಲ, ಟೋಪಿಯಿಲ್ಲ,
ಟ್ರಾಮಿನ ಕಂಡಕ್ಟರನಂಥ ಕೋಟು.
ಗಡಿಯಾರ ಬಿಚ್ಚಿ ಮುಖಡಿಯಾಗಿ ಮಲಗಿಸುವನು.
ಆಮೇಲೆ ಆ ಪೆಟ್ಟಿಗೆ.
ಒಣಸೇತುವೆಯ ಬಳಿ, ಪದಕ ಚಮಚ ಹರವಿ ಕೂತವರ ನಡುವೆ
ಹಲ್ಲಿನ ವೈದ್ಯರೊಬ್ಬರ ವಿಧವೆಯಿಂದ ಕೊಂಡದ್ದು.
ಒಳಗಿನ ನೀಲಿ ಮಖಮಲ್ಲಿನಲ್ಲಿ
ಇಕ್ಕಳಗಳು ಮಲಗಿದ್ದ ಗುಳಿ ಇನ್ನೂ ಹಾಗೇ ಇವೆ.
ಕೊರಳ ದಾರದಿಂದ ಕೀಲಿ ತೆಗೆದು
ತಿರುಗಿಸುವನು. ಕಟಕ್.
(ಬೀಗ ಕೆಟ್ಟು ಎಷ್ಟೋ ವರ್ಷ.
ಆ ಸದ್ದನ್ನು ಅವನು ನಾಲಿಗೆಯಲ್ಲಿ ಮಾಡುತ್ತಿದ್ದ.)

ಉಣ್ಣೆಯ ಬಟ್ಟೆ. ಒಂದು ಮಡಿಕೆ, ಎರಡು, ಮೂರು.
ಒಳಗೆ ಮೊಟ್ಟೆ.
ಉಪ್ಪು ತುಂಬಿದ ತಟ್ಟೆಯ ಮೇಲೆ ಅದನ್ನು ನಿಲ್ಲಿಸಿ
ಒಂದು ಹೆಜ್ಜೆ ಹಿಂದೆ ಸರಿಯುವನು,
ಮಲಗಿದ ಮಗುವಿನಿಂದ ಸರಿದ ಹಾಗೆ.
ಅದರ ಬಗ್ಗೆ ಒಂದು ಮಾತೂ ಇಲ್ಲ.

ನಾಣ್ಯ ಬಂತು, ನಾಣ್ಯ ಹೋಯಿತು.
ಎಲ್ಲಿಗೆ ಹೋಯಿತೆಂದು ಹೇಳಲಾರೆ, ಹೇಳಿದರೆ ನಿಮಗೇ ಬೇಜಾರು.
ಮೊಟ್ಟೆ ಮತ್ತೆ ಮೂರು ಮಡಿಕೆಯೊಳಗೆ.
ಮೆಟ್ಟಿಲು ಹತ್ತುತ್ತ ಜನ ಜಗಳಾಡುವುದು ಅದರ ಬಗ್ಗೆಯೇ.
ರಾತ್ರಿ ಟೊಮೇಟೊ ಹಾಕಿ ಹುರಿದು ತಿನ್ನುತ್ತಿದ್ದೆವು.

ಕಣ್ಕಟ್ಟು ಅನ್ನುತ್ತಾರೆ.
ಅವನು ಯಾರ ಕಣ್ಣನ್ನೂ ಕಟ್ಟಲಿಲ್ಲ,
ಮಣೆ ಹಾಕಿ ಕೂರಿಸಿದ.

ಆ ನವೆಂಬರಿನಲ್ಲಿ ಎರಡು ಸಲ
ಮೆಟ್ಟಿಲ ಮೇಲೇ ನನ್ನ ಚೀಲದೊಳಗೆ ಒಡೆಯಿತು.
ಬಟ್ಟೆ ತೊಳೆದು ತೊಳೆದು ಸಾಕಾಗಿ
ಮೂರನೆಯ ದಿನ ಬೇಯಿಸಿಬಿಟ್ಟೆ.
ಅದೇ ಬಿಳುಪು, ಅದೇ ತೂಕ. ಯಾರಿಗೆ ಗೊತ್ತಾದೀತು?

ಅವನಿಗೂ ಗೊತ್ತಾಗಲಿಲ್ಲ, ಮೊದಲಿಗೆ.
ಗೊತ್ತಾದದ್ದು ಕಿರುಬೆರಳಿಗೆ.
ಪ್ರತಿ ರಾತ್ರಿ ತಾನಾಗಿ ನಡುಗುತ್ತಿದ್ದದ್ದು
ನಡುಗಲಿಲ್ಲ.
ಪ್ರತಿ ರಾತ್ರಿ ಅಡಿಗೆ ಬರುತ್ತಿದ್ದ ಎಡಗೈ
ಮೇಜಿನ ಮೇಲೆ ಸುಮ್ಮನೆ ಕೂತಿತ್ತು.
ಮುಂದಿನ ಸಾಲಿನವನೊಬ್ಬ ಫೋನು ನೋಡಿಕೊಂಡ.
ನಾಣ್ಯ ಎಂದಿನಂತೆ ಮಾಯವಾಯಿತು, ಒಂದು ಕೂದಲಿನಷ್ಟೂ ತಪ್ಪಿಲ್ಲದೆ.
ಚಪ್ಪಾಳೆ ಬಂತು,
ಯಾರೋ ಕಾಲೊರೆಸು ಚಾಪೆಗೆ ಕಾಲು ಒರೆಸಿದ ಹಾಗೆ.

ಎಲ್ಲ ಹೋದ ಮೇಲೆ
ಪೆಟ್ಟಿಗೆಯ ಅಂಚಿಗೆ ಕುಟ್ಟಿ, ಸುಲಿದು,
ದಾರದಲ್ಲಿ ಎರಡು ಹೋಳು ಮಾಡಿ
ತಟ್ಟೆಯ ಉಪ್ಪಿಗೇ ಅದ್ದಿ ಒಂದನ್ನು ನನಗೆ ಕೊಟ್ಟ.
ಬೈಯಲಿಲ್ಲ.
"ಒಡೆಯದ್ದನ್ನು ಹೇಗೆ ಹಿಡಿಯಬೇಕೋ
ಈ ಕೈಗೆ ಗೊತ್ತಿಲ್ಲ, ನೀಯಾ,"
ಅಂದು ಗಡಿಯಾರ ಕಟ್ಟಿಕೊಂಡ.

ಈಗ ಅವನ ಮಂಡಿಗೆ ಹನ್ನೊಂದು ಮೆಟ್ಟಿಲು ಹೆಚ್ಚು.
ಕೀಲಿ ನನ್ನ ಕೊರಳಲ್ಲಿದೆ.
ಅಗುಳಿ ಹಾಕಲು ಒಬ್ಬ ಹುಡುಗನಿದ್ದಾನೆ, ಅವಸರದವನು.
ಮೊನ್ನೆ ಗುರುವಾರ ಮೂರನೆಯ ಮಡಿಕೆ ಬಿಚ್ಚಿದರೆ ತೇವ.
ಚಿಪ್ಪಿನ ಅರ್ಧ ನನ್ನ ಅಂಗೈಯಲ್ಲಿ,
ಹಳದಿ ಮಣಿಕಟ್ಟಿಗಿಳಿದು ತೋಳಿನೊಳಗೆ.
ಏನೂ ಆಗಿಲ್ಲವೆಂಬಂತೆ ಚಿಪ್ಪನ್ನೇ ಉಪ್ಪಿನ ಮೇಲಿಟ್ಟು
ಒಂದು ಹೆಜ್ಜೆ ಹಿಂದೆ ಸರಿದೆ.
ಕತ್ತಲಲ್ಲಿ ಮೂವತ್ತೆರಡು ಜನ,
ನಾಣ್ಯ ಕೊಡದವರೂ,
ತಮ್ಮ ತಮ್ಮ ಮುಷ್ಟಿ ಬಿಗಿ ಹಿಡಿದರು.

ರಾತ್ರಿ ಫೋನು ಮಾಡಿ ಹೇಳಿದೆ: ಒಡೆಯಿತು.
ಆ ಕಡೆ ತುಸು ಹೊತ್ತು ಏನೂ ಇಲ್ಲ,
ಉಸಿರು, ಎಲ್ಲೋ ಒಂದು ಕೆಟಲ್ ಕುದಿಯುವುದು.
ಆಮೇಲೆ ನಾಲಿಗೆಯ ಸದ್ದು:
ಕಟಕ್.