ಓ

ಬ್ರೋಕನ್ ಹಿಲ್ಲಿನಲ್ಲಿ ಇರುವುದು ಒಂದೇ ಜಲಪಾತ,
ಡೆಸ್ ಪೆಂಗೆಲ್ಲಿಯ ತಗಡಿನ ಶೆಡ್ಡಿನಲ್ಲಿ,
ಹಳೆಯ ಮಾನಿಟರಿನ ಮೇಲೆ.
ಕಡುನೀಲಿ ಸದ್ದಿಲ್ಲದೆ ಇಳಿಯುತ್ತದೆ,
ಅಲ್ಲಲ್ಲಿ ಹಳದಿಯ ಎಳೆ.
ಹೊರಗೆ ಮಳೆ ಬಿದ್ದು ಏಳು ತಿಂಗಳು.

"ಇಡೀ ಪಟ್ಟಿ ಒಂದೇ ಸಲ ಕೇಳಬೇಕು" ಎನ್ನುತ್ತಾನೆ,
ಎರಡೂ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು.
ಎಂಬತ್ತಮೂರು ವಯಸ್ಸು.
ಹಾರುವ ಡಾಕ್ಟರುಗಳ ರೇಡಿಯೋ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಗುಂಡಿ ತಿರುಗಿಸಿದ ಬೆರಳು
ಈಗ ಮೌಸನ್ನೂ ತಿರುಗಿಸಲು ನೋಡುತ್ತದೆ.
ನಾನು ಹಗಲು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು,
ರಾತ್ರಿ ಅವನಿಗೆ ಪ್ರೋಗ್ರಾಮು ಬರೆದುಕೊಡುವವಳು.
ಕಾಣದ್ದನ್ನು ಕಾಣಿಸುವುದು, ಎರಡೂ ಒಂದೇ ಕೆಲಸ.

ಮೊದಮೊದಲು ಆಗುತ್ತಿರಲಿಲ್ಲ.
ಆಂಟೆನಾ ಸೆಕೆಂಡಿಗೆ ಕೋಟಿ ಅಂಕಿ ಸುರಿಯುತ್ತಿತ್ತು.
ಪ್ರೊಸೆಸರು, ಮನೆಯ ಹಿರಿಯಣ್ಣನ ಹಾಗೆ,
ಎಲ್ಲ ನಾನೇ ಎಂದು ಒಂದೊಂದೇ ಎತ್ತಿ ನೋಡಿ
ಏದುಸಿರು ಬಿಟ್ಟು, ಕೈಚೆಲ್ಲಿ,
ಕಪ್ಪು ಕಿಟಕಿಯಲ್ಲಿ ಬರೆಯುತ್ತಿತ್ತು:
ಓ
ಓ ಓ
ಓ ಓ ಓ ಓ ಓ

ನನ್ನ ಭಾಷೆಯಲ್ಲಿ, ಡೆಸ್, ಕರೆದರೆ ಓ ಅನ್ನುತ್ತೇವೆ.
ಇದ್ದೇನೆ, ಕೇಳಿಸಿತು, ಬಂದೆ ಅಂತ.
ಈ ಯಂತ್ರದ ಓ ಹಾಗಲ್ಲ.
ಹಿಡಿಯಲಾಗಲಿಲ್ಲ, ಚೆಲ್ಲಿಹೋಯಿತು,
ಯಾರಾದರೂ ಕರೆದಿದ್ದರೆ ಅದೂ ಹೋಯಿತು ಅಂತ.

ಅವನು ನಗಲಿಲ್ಲ.
"ಹೊಳೆ ಬಂದ ವರ್ಷ" ಅಂದ.
"ಡಾರ್ಲಿಂಗ್ ನದಿಯಾಚೆ ನೆರಿಡಾ ಅಂತ ಒಬ್ಬಳು
ಎರಡು ಸ್ವರದ ಸೀಟಿ ಊದಿದಳಂತೆ, ಮೂರು ಸಲ.
ನಾನು ಪಕ್ಕದ ಚಾನೆಲ್ಲಿನಲ್ಲಿದ್ದೆ,
ಯಾರದೋ ಕುರಿಗಳ ಲೆಕ್ಕ ಬರೆದುಕೊಳ್ಳುತ್ತ."
ಅಷ್ಟೇ. ಟೀ ಆರಿತ್ತು, ಕುಡಿದ.

ಮರುವಾರ ತಂದೆವು ಗ್ರಾಫಿಕ್ಸ್ ಕಾರ್ಡು,
ಬ್ರೇಡನ್ ಎಂಬ ಹುಡುಗನಿಂದ, ಮುನ್ನೂರು ಡಾಲರಿಗೆ, ಧೂಳು ಸಮೇತ.
ಅಲ್ಲಿವರೆಗೆ ಅದು ಸುಳ್ಳು ಯುದ್ಧದ ಹೊಗೆಗೆ ಬಣ್ಣ ಬಳಿದು
ಬಿದ್ದ ಹೆಣಗಳಿಗೆ ನೆರಳು ಹಚ್ಚುತ್ತಿತ್ತು.
ಒಳಗೆ ಎರಡು ಸಾವಿರ ಪುಟ್ಟ ಲೆಕ್ಕಿಗರು,
ಒಬ್ಬರಿಗೂ ಹೆಚ್ಚು ಬುದ್ಧಿಯಿಲ್ಲ:
ಗುಣಿಸು, ಕೂಡು, ಪಕ್ಕದವನಿಗೆ ಕೊಡು.
ಎಲ್ಲರೂ ಒಟ್ಟಿಗೆ ಮೊರ ಹಿಡಿದರೋ,
ರಾಶಿ ಗದ್ದಲ ಕೇರಿ, ಹೊಟ್ಟು ಹಾರಿ,
ಕಂಪನಗಳು ಕಾಳುಕಾಳಾಗಿ ಸಾಲು ಹಿಡಿದು ಕೂರುತ್ತವೆ.
ಹನಿ ಕೂಡಿ ಹಳ್ಳ ಎಂದಿದ್ದರು ಹಿರಿಯರು;
ಹಳ್ಳವನ್ನು ಮತ್ತೆ ಹನಿಗಳಾಗಿ ಬಿಡಿಸುವುದು
ಅವರ ಗಾದೆಯಲ್ಲಿರಲಿಲ್ಲ.

ಕಷ್ಟ ಇದ್ದದ್ದು ಲೆಕ್ಕದಲ್ಲಲ್ಲ, ಸಾಗಣೆಯಲ್ಲಿ.
ಚಮಚ ಚಮಚ ಒಯ್ದರೆ ದಾರಿಯಲ್ಲೇ ಬೆಳಗಾಗುತ್ತದೆ,
ಕೊಡ ತುಂಬಿ ಒಯ್ಯಬೇಕು.
ಕೊಡದ ಅಳತೆ ಸಿಗಲು ಮೂರು ವಾರ ಹಿಡಿಯಿತು.

ಆಮೇಲೊಂದು ರಾತ್ರಿ ಓ ನಿಂತಿತು.
ಜಲಪಾತದ ನಡುವೆ ನೆಟ್ಟಗೆ ಒಂದು ಬಿಳಿ ಎಳೆ,
ಅಲುಗದೆ.
ಡೆಸ್ ಎದ್ದ ರಭಸಕ್ಕೆ ಕುರ್ಚಿ ಬಿತ್ತು.
ನೆರೆಯವರ ಬೇಲಿಯ ಕರೆಂಟೇ? ಗಣಿಯ ಮೋಟಾರೇ?
ಕಾರ್ಡಿನ ಕೈಯಿಂದ ಕೆಲಸ ಕಿತ್ತುಕೊಂಡೆ:
ಎಳೆ ಮಾಯ, ಓ ಓ ಓ.
ಮರಳಿ ಕೊಟ್ಟೆ: ಎಳೆ ಹಾಜರು.
ಅದು ಅದರದೇ ದನಿ.
ಕಿವಿಗೊಟ್ಟು ಕೂತವನಿಗೆ
ತನ್ನ ಉಸಿರೇ ಮೊದಲು ಕೇಳಿಸಿದ ಹಾಗೆ.
ಆಗ ನಕ್ಕ ನೋಡಿ, ಕೆಮ್ಮು ಬರುವವರೆಗೆ.

ವೈರಿಗೆ ಉಂಗುರ ತೊಡಿಸಿದೆವು, ಆಂಟೆನಾ ದೂರದ ಬೇಲಿಗೆ ಒಯ್ದೆವು.
ಎಳೆ ಸಣ್ಣಗಾಯಿತು, ಪೂರ್ತಿ ಹೋಗಲಿಲ್ಲ.
ಈಗ ಒಂದಂಕಿಯೂ ಚೆಲ್ಲುವುದಿಲ್ಲ.
ಈಗ ಆ ಪಟ್ಟಿಯಲ್ಲಿ ಕರೆಯುವವರೂ ಇಲ್ಲ,
ಕುರಿ ಕಾಯುವವನ ಜೇಬಿನಲ್ಲೂ ಉಪಗ್ರಹದ ಫೋನು.
ಡೆಸ್‌ಗೆ ಗೊತ್ತು. ರಾತ್ರಿ ಹತ್ತಕ್ಕೆ ಯಂತ್ರ ಹಚ್ಚುತ್ತಾನೆ.

ಮೊನ್ನೆ ಹೊರಡುವಾಗ ಬಾಗಿಲಲ್ಲಿ ನಿಂತು
ಹೋಗಿಬರ್ತೇನೆ ಎಂದು ಹೇಳಲು ಬಾಯಿ ತೆರೆದೆ, ಸುಮ್ಮನಾದೆ:
ಕಿವಿಯ ಯಂತ್ರ ಎರಡೂ ಮೇಜಿನ ಮೇಲಿದ್ದವು.
ನೀಲಿ ಇಳಿಯುತ್ತಲೇ ಇತ್ತು.
ಬೆನ್ನು ತಿರುಗಿಸದೆ ಅವನು, ಯಾರಿಗೋ,
ಓ ಅಂದ.