ಒಂದು ಕ್ರೆಡಿಟ್ ಬಾಕಿ

ಟೊಲೀಡೊದ ಈ ಕಾಲೇಜಿನಲ್ಲಿ ನನ್ನ ಕೆಲಸ
ಕೂಡುವುದು, ಕಳೆಯುವುದು, ಠಸ್ಸೆ ಒತ್ತುವುದು.
ಇಪ್ಪತ್ತಾರು ವರ್ಷವಾಯಿತು.
ಕಿಟಕಿಯಾಚೆ ನದಿ. ಮಾರ್ಚಿನಲ್ಲಿ ಅದರ ಹಿಮ ಒಡೆಯುವುದು
ಪಕ್ಕದ ಮನೆಯಲ್ಲಿ ಯಾರೋ ತಟ್ಟೆ ಬೀಳಿಸಿದ ಹಾಗೆ.

ಒಡಾಲಿಸ್ ಬರಿಯೆಂತೋಸ್ ಬಂದದ್ದು ಆಗಸ್ಟಿನಲ್ಲಿ,
ಇಲ್ಲಿಯ ಒಂದು ಪಾಠವನ್ನೂ ಕೇಳುವ ಮೊದಲೇ.
ಮಡಿಕೆ ಬೀಳದಂತೆ ರಟ್ಟಿಟ್ಟು ತಂದ ಕಾಗದ:
ಕ್ಯಾಲ್ಕುಲಸ್ ಎಂಟು, ಜೀವಶಾಸ್ತ್ರ ಎಂಟು,
ಇತಿಹಾಸ ಆರು, ಇಂಗ್ಲಿಷ್ ಆರು,
ಸ್ಪ್ಯಾನಿಷ್ ಹನ್ನೆರಡು.
'ಅದು ಅಜ್ಜಿ ಕೊಟ್ಟದ್ದು' ಎಂದಳು, ನಗದೆ.
ನೂರಿಪ್ಪತ್ತರಲ್ಲಿ ನಲವತ್ತು, ಹೈಸ್ಕೂಲಿನಿಂದಲೇ ಜಮಾ.

ಕೂಸು ಹುಟ್ಟುವ ಮುನ್ನ ಕುಲಾವಿ, ಅಂದುಕೊಂಡೆ.
ತಪ್ಪು. ಕೂಸು ಆಗಲೇ ಹುಟ್ಟಿತ್ತು,
ಮೇ ತಿಂಗಳ ಬೆಳಗ್ಗೆ, ಬೆವರಿದ ಬೂಟುಗಳ ವಾಸನೆಯ
ಶಾಲೆಯ ಜಿಮ್ಮಿನಲ್ಲಿ, ಅಲುಗುವ ಮೇಜಿನ ಮೇಲೆ.
ಹೆರಿಗೆ ನೋವು ಮೂರು ಗಂಟೆ ಹದಿನೈದು ನಿಮಿಷ.

'ಏನವಸರ?' ಕೇಳಿದೆ. ಕೇಳಬಾರದಿತ್ತು.
'ಒಂದು ಸೆಮಿಸ್ಟರೆಂದರೆ
ಅಮ್ಮ ಆಸ್ಪತ್ರೆಯ ನೆಲ ಒರೆಸುವ ನೂರಾ ಹನ್ನೊಂದು ರಾತ್ರಿ.
ಮೂರು ಸೆಮಿಸ್ಟರ್ ಉಳಿದರೆ
ಅಷ್ಟು ರಾತ್ರಿ ಅವಳು ಮಲಗಲಿ.'
ಕೂಡಿ ನೋಡಿದೆ, ಅಭ್ಯಾಸಬಲ. ಮುನ್ನೂರ ಮೂವತ್ತಮೂರು.

ಆಮೇಲೆ ಅವಳು ಕಂಡದ್ದೆಲ್ಲ ಮೆಟ್ಟಿಲ ಮೇಲೆ,
ಬಾಯಲ್ಲಿ ಬ್ರೆಡ್ಡು, ಕಂಕುಳಲ್ಲಿ ಪುಸ್ತಕ.
ಗುಂಪು ಫೋಟೊದ ದಿನ ಫೋಟೊದವನೇ ಕೇಳಿದ:
ನೀನು ಯಾವ ವರ್ಷದವಳಮ್ಮ?
ಅವಳು ಎರಡು ಸಾಲಿನ ನಡುವೆ ನಿಂತಳು.

ಐದನೆಯ ಸೆಮಿಸ್ಟರು. ನೂರಾ ಹತ್ತೊಂಬತ್ತರ ಲೆಕ್ಕ ಸರಿಯಾಯಿತು.
ಒಂದು ಬಾಕಿ: ದೇಹಶಿಕ್ಷಣ. ಯಾರ ಕಾಲದ ನಿಯಮವೋ.
ಜಾಗವಿದ್ದದ್ದು ಈಜಿನಲ್ಲಿ ಮಾತ್ರ, ಬೆಳಗ್ಗೆ ಏಳಕ್ಕೆ.
'ಇದಕ್ಕೂ ಪರೀಕ್ಷೆ ಬರೆದು ಮುಗಿಸಲಾಗದೆ?'
ಇಲ್ಲ.
ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು, ಎಂದೆ.
ನನಗೇನು, ಹೇಳುವವಳು.

ಮಂಡಿನೋವಿಗೆಂದು ನಾನೂ ಅದೇ ಹೊತ್ತಿಗೆ
ಮುದುಕಿಯರ ಪಟ್ಟಿಯಲ್ಲಿ ಕಾಲಾಡಿಸುವವಳು.
ಕಂಡೆ: ಗೋಡೆ ಹಿಡಿದ ಹತ್ತು ಬೆರಳು.
'ಏನೂ ಮಾಡಬೇಡ' ಅನ್ನುತ್ತಾಳೆ ಟೀಚರ್ ಇಲೋನಾ.
ಹುಡುಗಿ ಏನೂ ಮಾಡದಿರುವುದನ್ನೂ
ಹಲ್ಲು ಕಚ್ಚಿ ಮಾಡುತ್ತಾಳೆ. ಮುಳುಗುತ್ತಾಳೆ.
ಕೆಮ್ಮು, ಮೂಗಿನ ತುಂಬ ಕ್ಲೋರಿನ್, ಮತ್ತೆ ಗೋಡೆ.
ನಾಲ್ಕು ವಾರ, ಐದು.

ನವೆಂಬರಿನ ಒಂದು ಗುರುವಾರ
ಕಿವಿ ನೀರೊಳಗೆ, ಹೊಟ್ಟೆ ಮೇಲೆ,
ಚಾವಣಿಯ ಕೊಳವೆದೀಪ ನೋಡುತ್ತ
ತೇಲಿದಳು.
ಎಷ್ಟು ಹೊತ್ತು?
ಎಣಿಸುವುದೇ ಕಸುಬಾದ ನಾನು ಎಣಿಸಲಿಲ್ಲ.
ಮೇಜಿನ ಕೆಳಗಿನ ಡ್ರಾಯರಿನಲ್ಲಿ
ತೊಂಬತ್ತೊಂದಕ್ಕೆ ನಿಂತ ನನ್ನದೇ ಕಡತವಿದೆ;
ಅದೂ ನೆನಪಾಗಲಿಲ್ಲ, ಆ ಬೆಳಗ್ಗೆ.

ಡಿಸೆಂಬರಿನಲ್ಲಿ ಕೊನೆಯ ಕಾಗದ ತಂದಳು.
ಕೂದಲು ತೊಟ್ಟಿಕ್ಕುತ್ತಿತ್ತು, ಕಾಗದವೂ ಕೊಂಚ ಒದ್ದೆ.
ಠಸ್ಸೆ ಒತ್ತಿದೆ. ಶಾಯಿ ಹರಡಿತು.
ತಾರೀಖು ಓದಲಿಕ್ಕಾಗುತ್ತದೆ.
ಸಾಕು.