ಮುಳ್ಳು ನಿಲ್ಲುವ ತನಕ

ನಾಲ್ಕನೇ ದಿನ ಜ್ವರ ಬಿಟ್ಟಿತು.
ಸಾಬಮ್ಮ ಎದ್ದು ಕೂತು ಚುರುಮುರಿ ಕೇಳಿದಳಂತೆ.
ಅವಳಪ್ಪ ಮಾಳಪ್ಪ, ಯಾದಗಿರಿ ಗಂಜಿನಲ್ಲಿ ತೊಗರಿ ತೂಗುವವ,
ಗಂಟು ಕಟ್ಟಿಕೊಂಡೇ ನನ್ನ ಲ್ಯಾಬಿನ ಕಿಟಕಿಗೆ ಬಂದ:
‘ಮೈ ತಣ್ಣಗಾಗ್ಯಾದ್ರಿ ಅಕ್ಕೋರ, ಇನ್ನ ಊರಿಗಿ ಹೋಗ್ತೀವಿ.
ಮತ್ತ ಯಾಕ ರಗತ ತಗೊಂಡ್ರಿ?’

ನೇರಳೆ ಮುಚ್ಚಳದ ಸೀಸೆ
ನನ್ನ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.
ಹೇಗೆ ಹೇಳಲಿ,
ಈ ಡೆಂಗಿ ಮೈಯಿಂದ ಇಳಿದ ಮೇಲೆಯೇ
ಒಳಗೆ ಕೆಲಸ ಶುರುಮಾಡುತ್ತದೆ,
ಥರ್ಮಾಮೀಟರಿಗೆ ಗೊತ್ತಾಗದ ಕೆಲಸ.

ಯಂತ್ರ ಚೀಟಿ ಉಗುಳಿತು.
ಪ್ಲೇಟ್‌ಲೆಟ್ ಮೊನ್ನೆ ಒಂದು ಲಕ್ಷ ಹತ್ತು ಸಾವಿರ,
ನಿನ್ನೆ ಅರವತ್ತೆರಡು, ಈಗ ಇಪ್ಪತ್ತೆಂಟು.
ಎಲ್ಲರೂ ನೋಡುವುದು ಈ ಇಳಿಯುವ ಅಂಕಿ.
ವರಾಂಡದಲ್ಲಿ ಪಪ್ಪಾಯಿ ಎಲೆ ಅರೆಯುವವರು,
ಒಂದು ಕಿವಿ ಹಣ್ಣಿಗೆ ಐವತ್ತು ಎಣಿಸುವವರು
ಇದೊಂದನ್ನೇ ಜಪಿಸುತ್ತಾರೆ.
ನನ್ನ ಕಣ್ಣು ಅದರ ಮೇಲಿನ ಸಾಲಿಗೆ ಹೋಯಿತು.
ಪಿಸಿವಿ. ಮೂವತ್ತೇಳು ಇದ್ದದ್ದು ನಲವತ್ತಾರು.
ಏರಿದೆ.
ಒಲೆಯ ಮೇಲೆ ಮರೆತ ಬ್ಯಾಳಿಯ ಹಾಗೆ
ರಕ್ತ ಮಂದವಾಗುತ್ತಿದೆ.
ನೀರು ನಾಳ ದಾಟಿ, ಹೊಟ್ಟೆಯಲ್ಲೋ ಎದೆಗೂಡಿನಲ್ಲೋ
ಸದ್ದಿಲ್ಲದೆ ಹೋಗಿ ಕೂರುತ್ತಿದೆ
ಒಂಬತ್ತು ವರ್ಷದ ಹುಡುಗಿಯೊಳಗೆ.

ಡಾಕ್ಟರಿಗೆ ಫೋನು. ಎರಡು ಸಲ ಎತ್ತಲಿಲ್ಲ.
ಮೂರನೇ ಸಲ ಎತ್ತಿದರು.

ಆಮೇಲೆ ಗಾಜಿನ ಮೇಲೆ ಒಂದು ಹನಿ ಎಳೆದು, ಬಣ್ಣ ಹಾಕಿ,
ಎಣ್ಣೆ ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಬಗ್ಗಿದೆ.
ಗುಂಪುಗಟ್ಟಿದ್ದನ್ನು ಯಂತ್ರ ಒಮ್ಮೊಮ್ಮೆ ಎಣಿಸದೆ ಬಿಡುತ್ತದೆ;
ಹಾಗೇ ಆಗಿರಲಿ ಅಂತ ಒಳಗೊಳಗೇ ಆಸೆ.
ಗುಂಪಿರಲಿಲ್ಲ.
ಕೆಂಪು ಕಣಗಳ ಸಂತೆಯಲ್ಲಿ
ಅಲ್ಲೊಂದು ಇಲ್ಲೊಂದು ನೇರಳೆ ನುಚ್ಚು.
ಅಷ್ಟರಲ್ಲಿ ಮುಂಬೈ ಗಾಡಿ ಹೊರಟು
ಮೇಜು ನಡುಗಿ ಲೆಕ್ಕ ತಪ್ಪಿತು.

‘ಗಂಜಿನಾಗ ನಾವು ಒಂದು ಅನ್ನಂಗಿಲ್ರಿ,’
ಕಿಟಕಿಯಿಂದ ಮಾಳಪ್ಪ.
‘ಲಾಭ ಅಂತೀವಿ. ಲಾಭ, ಎರಡು, ಮೂರು.
ತಪ್ಪಿದ್ರ ಮತ್ತ ಲಾಭದಿಂದ.’

ಮತ್ತೆ ಬಗ್ಗಿದೆ.
ಲಾಭ. ಎರಡು.
ಗಾಜು ಸರಿಸಿದೆ. ಲಾಭ.
ಸರಿಸಿದೆ. ಏನೂ ಇಲ್ಲ.
ಏನೂ ಇಲ್ಲದ್ದಕ್ಕೆ ಗಂಜಿನಲ್ಲಿ ಏನನ್ನುತ್ತಾರೋ
ನಾನು ಕೇಳಲಿಲ್ಲ.

ಸಲೈನು ಹಚ್ಚಿದರು. ಆರು ತಾಸಿಗೊಂದು ಸೀಸೆ.
ನಲವತ್ತಾರು, ನಲವತ್ತೈದು,
ರಾತ್ರಿ ಎರಡಕ್ಕೆ ನಲವತ್ತೊಂದು.
ಪ್ಲೇಟ್‌ಲೆಟ್ ಮಾತ್ರ ಇನ್ನೂ ಜಾರಿ ಇಪ್ಪತ್ತೊಂದು.
‘ಒಂದು ಚಲೋ ಅಂತದ, ಒಂದು ಕೆಟ್ಟ ಅಂತದ.
ಯಾವುದಕ್ಕ ನಂಬಲ್ರಿ?’
ಮಂದವಾದದ್ದು ತಿಳಿಯಾಗುತ್ತಿದೆ ಎನ್ನಬಹುದಿತ್ತು.
ಲ್ಯಾಬಿನವರು ಅಷ್ಟು ಹೇಳಬಾರದು.
ಮುಂಜಾನೆಯ ಸೀಸೆ ಬರಲಿ, ಅಂದೆ.
ಅವನೇ ತಲೆಯಾಡಿಸಿದ:
‘ಹೌದ್ ಬಿಡ್ರಿ. ಮುಳ್ಳು ನಿಲ್ಲೋ ತನಕ
ತೂಕ ಓದಬಾರದು.’
ಚೀಟಿ ಮಡಚಿ ಅಂಗಿಯ ಕಿಸೆಗಿಟ್ಟ,
ತೊಗರಿಯ ಹಳೇ ತೂಕಚೀಟಿಗಳ ಜೊತೆಗೆ.

ಆರಕ್ಕೆ ತಟ್ಟೆ ಬಂತು, ಹನ್ನೊಂದು ಸೀಸೆ.
ಸಾಬಮ್ಮನದು ಏಳನೆಯದು.
ಕೈ ಅದರತ್ತಲೇ ಹೋಯಿತು, ಹಿಂದಕ್ಕೆಳೆದುಕೊಂಡೆ.
ಮೊದಲನೆಯದು ಗುರುಮಠಕಲ್ಲಿನ ಯಾರೋ ಮುದುಕಿಯದು.
ಮೆಲ್ಲಗೆ ಅಲುಗಿಸಿ ಯಂತ್ರಕ್ಕೆ ಕೊಟ್ಟೆ.
ಲಾಭ.